ನಿಪ್ಪಾಣಿ ಕಾಕಾನ ಸ್ಯಾಕ್ಸೋಫೋನ್

ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯ ಒಂದು ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದೆ. ನನ್ನದು ಕೆಟ್ಟು ಕೂತಾಗ ನಿಪ್ಪಾಣಿಗೆ ಓಡಿದೆ. ಅಲ್ಲಿ ಮುದುಕರೊಬ್ಬರು ಹಳೇ ವಾದ್ಯಗಳನ್ನು ದುರಸ್ತಿ ಮಾಡಿ ಮಾರುತ್ತಿದ್ದರು. ಎಲ್ಲರಿಗೂ ಅವರು ಕಾಕಾ.

ನಾನು ಆರಿಸಿದ ಸ್ಯಾಕ್ಸೋಫೋನಿನ ಅಗಲ ಬಾಯಿಗೆ ಕಾಕಾ ಅರಿವೆ ತುರುಕಿದರು. ತೂತುಗಳ ಮುಚ್ಚಳಗಳನ್ನೆಲ್ಲ ನನ್ನಿಂದ ಒತ್ತಿಸಿ, ಬೀಡಿ ಎಳೆದು ಹೊಗೆಯನ್ನು ಒಳಗೆ ಊದಿದರು. ಒಂದು ಮುಚ್ಚಳದ ಸಂದಿಯಿಂದ ಹೊಗೆ ಎಳೆಯಾಗಿ ಹೊರಬಂತು.

"ಸೋರಾಕತ್ತೈತ್ರಿ. ಮುಚ್ಚಳದ ಒಳಗ ಹೊಸಾ ಚರ್ಮ ಕೂಡಸಬೇಕು, ಎಂಟ ದಿನಾ ಬಿಟ್ಟ ಬರ್ರಿ."

"ನಾಳೆನ ಬೇಡಕಿಹಾಳದಾಗ ಮದುವಿ ಐತ್ರಿ ಕಾಕಾ!"

"ಸೋರೂ ಮಾಲ ನಾ ಮಾರೂದಿಲ್ಲ."

ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಕರಗಿದರು.

"ಒಯ್ರಿ. ಆದ್ರ ಎಲ್ಲಕ್ಕೂ ಕೆಳಗಿನ ಸ್ವರ ಊದಬ್ಯಾಡ್ರಿ, ಎಮ್ಮಿ ಒದರಿದಂಗ ಒದರತೈತಿ. ಮದುವಿ ಮುಗದ ಮ್ಯಾಲ ತಂದ ಕೊಡ್ರಿ, ಸರಿ ಮಾಡತೀನಿ."

ಮರುದಿನ ಮೆರವಣಿಗೆಯಲ್ಲಿ ಆ ಸ್ವರ ಬಂದಾಗಲೆಲ್ಲ ಉಸಿರು ಹಿಡಿದು ಕೆನ್ನೆಯನ್ನಷ್ಟೇ ಉಬ್ಬಿಸಿದೆ. ಯಾರಿಗೂ ಗೊತ್ತಾಗಲಿಲ್ಲ ಅಂತ ಬೀಗುತ್ತ ಊಟಕ್ಕೆ ಕೂತರೆ, ಪಕ್ಕದ ಎಲೆಯಲ್ಲಿ ಕಾಕಾ! ಕರೆಯದ ಮದುವೆಗೆ ಬಸ್ಸು ಹತ್ತಿ ಬಂದಿದ್ದರು.

"ಹನ್ನೊಂದ ಸಲಾ ಬಿಟ್ಟೀರಿ," ಅಂದರು. "ಎಣಿಸೇನಿ."

ಆ ವಾರವೇ ಅದನ್ನು ಸರಿಮಾಡಿ ಕೊಟ್ಟರು. ಈಗ ಕಾಕಾನೂ ಇಲ್ಲ, ಅಂಗಡಿಯೂ ಇಲ್ಲ. ಸ್ಯಾಕ್ಸೋಫೋನ್ ನನ್ನ ಹತ್ತಿರವೇ ಇದೆ, ಕೆಳಗಿನ ಸ್ವರವೂ ತುಂಬಿ ಬರುತ್ತದೆ. ಆದರೂ ಅಲ್ಲಿಗೆ ಬಂದಾಗ ಒಮ್ಮೊಮ್ಮೆ ಬೇಕಂತಲೇ ಉಸಿರು ಹಿಡಿದು ಕೆನ್ನೆ ಉಬ್ಬಿಸುತ್ತೇನೆ. ಹನ್ನೆರಡು ಅನ್ನುವವರು ಯಾರಾದರೂ ಇದ್ದಾರೇನೋ ಅಂತ.