ಕೆಂಪು ಚುಕ್ಕೆಯ ಲೋಟೆ

ಘಣಸೋಲಿಯ ಹಳೇ ಊರಿನ ಕಡೆ ಹೋಗಿ ದೋಸೆ ಹಿಟ್ಟಿನ ಲೋಲಾಕ್ಷಿ ಎಲ್ಲಿ ಅಂತ ಕೇಳಿದರೆ ಸಾಕು, ರಿಕ್ಷಾದವನೇ ದಾರಿ ತೋರಿಸುತ್ತಿದ್ದ. ಎರಡು ಸಾವಿರದ ಹನ್ನೆರಡರ ಮಾತು. ಚಾಳಿನ ಕೊನೆಯ ಖೋಲಿ, ಬಾಗಿಲ ಬಳಿಯೇ ಗ್ರೈಂಡರ್. ಅದರ ಗುರುಗುರು ಜೋರೋ ಲೋಲಾಕ್ಷಿಯ ಸ್ವರ ಜೋರೋ ಅಂತ ಚಾಳಿನವರಿಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಹಿಟ್ಟು ಅಳೆಯಲಿಕ್ಕೆ ಅವಳಲ್ಲಿ ಒಂದು ಸ್ಟೀಲ್ ಲೋಟೆ ಇತ್ತು, ಅದರ ಹೊಟ್ಟೆಯ ಮೇಲೊಂದು ಕೆಂಪು ಚುಕ್ಕೆ. ಊರಲ್ಲಿ ಅಕ್ಕಿ ಅಳೆಯುವವರ ಹಾಗೆ ಮೊದಲನೆಯದಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುವಳು. ಲಾಭ, ಎರಡು, ಮೂರು. ಗಿರಾಕಿಗಳು ಆ ಚುಕ್ಕೆಯನ್ನು ಅಳತೆಯ ಗುರುತು ಅಂದುಕೊಂಡಿದ್ದರು. ಅಲ್ಲ.

ಅವಳ ಗಂಡ ರಮಾಕಾಂತ ಉಲ್ಹಾಸನಗರದ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದ. ಕಾಯಿಲೆ ಏನಂತ ತಿಳಿಯುವಷ್ಟರಲ್ಲಿ ತೀರಿಕೊಂಡ. ಅವಳ ರಕ್ತ ಪರೀಕ್ಷೆಯಲ್ಲೂ ಎಚ್‌ಐವಿ ಬಂತು. ಆಗ ಡೊಂಬಿವಲಿಯಲ್ಲಿ ಭಾವನ ಮನೆಯಲ್ಲಿದ್ದಳು. ಓರಗಿತ್ತಿ ಏನೂ ಬೈಯಲಿಲ್ಲ. ಕಿಟಕಿಗೆ ಹಚ್ಚಿ ಉಳಿದ ಪೇಂಟನ್ನು ಬೆರಳಲ್ಲಿ ತೆಗೆದು ಒಂದು ಲೋಟೆಗೆ ಚುಕ್ಕೆ ಇಟ್ಟು, ಬಚ್ಚಲಿನ ಪಕ್ಕದ ಗೂಡಿನಲ್ಲಿ ಬೇರೆಯಾಗಿ ಇಟ್ಟಳು, ಅಷ್ಟೇ. ಮೂರು ತಿಂಗಳು ಅದರಲ್ಲೇ ನೀರು ಕುಡಿದ ಲೋಲಾಕ್ಷಿ ಒಂದು ದಿನ ಎರಡು ಸೀರೆಯ ಜತೆ ಲೋಟೆಯನ್ನೂ ಚೀಲಕ್ಕೆ ಹಾಕಿದಳು. “ನನ್ನದು ಅಂತ ನೀವೇ ಗುರುತು ಹಾಕಿದ್ದೀರಲ್ಲ ಅಕ್ಕ, ಕೊಂಡು ಹೋಗ್ತೇನೆ” ಅಂದು ಮೆಟ್ಟಿಲಿಳಿದಳು.

ಮಾತ್ರೆ ಒಗ್ಗಿತು, ಮೈ ತುಂಬಿತು. ಘಣಸೋಲಿಯಲ್ಲಿ ಹಿಟ್ಟಿನ ವ್ಯಾಪಾರ ಹಿಡಿದು ಆರು ವರ್ಷ. ಕಾಯಿಲೆಯ ಸಂಗತಿ ಮಾತ್ರ ಇಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಹಿಟ್ಟು ಯಾರು ಕೊಂಡಾರು?

ವಾಶಿಯ ಒಂದು ಸಂಸ್ಥೆಯ ಜಾಧವ್ ಮೇಡಂ ಅವಳಿಗೆ ಹಿಂದಿಯಲ್ಲಿ ಹೇಳಿದರು: “ನಿಮ್ಮ ಕಥೆ ನಿಮ್ಮದೇ ಭಾಷೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ಹೆಸರು ಬೇಡ, ಊರು ಬೇಡ. ಹೊಸದಾಗಿ ಗೊತ್ತಾದವರು ಕೇಳಿದರೆ ಜೀವ ಬಂದ ಹಾಗಾಗುತ್ತದೆ.” ಲೋಲಾಕ್ಷಿ ಗ್ರೈಂಡರಿನ ಪಕ್ಕ ಕೂತು ಎಲ್ಲ ಹೇಳಿದಳು, ಲೋಟೆಯ ಕಥೆ ಸಮೇತ. ಕೊಡುವಾಗ ಮೇಡಂ, “ಒಮ್ಮೆ ಕೇಳಿ ನೋಡಿದ್ರಾ?” ಅಂದರು.

“ನನ್ನ ಸ್ವರ ನಾನೇ ಕೇಳುವುದಾ? ನಾಚಿಕೆ!”

ಮೇಡಂಗೆ ಕನ್ನಡ ಬಾರದು, ಕೇಳಿದರೂ ತಿಳಿಯದು. ಅಲ್ಲಿಗೆ ಮುಗಿಯಿತು.

ರೆಕಾರ್ಡಿಂಗ್ ಬ್ಲೂಟೂತಿನಲ್ಲಿ ಫೋನಿಂದ ಫೋನಿಗೆ ಹಾರಿತು. ವಾಶಿ, ಕಲ್ಯಾಣ, ಹೋಟೆಲಿನ ಕನ್ನಡದವರ ಕೈಗೆಲ್ಲ ಹೋಗಿ, ಒಂದು ಶನಿವಾರ ಸಂಜೆ ಘಣಸೋಲಿಯ ಭಜನೆಗೇ ಬಂದಿಳಿಯಿತು. ಮಂಗಳಾರತಿ ಮುಗಿದಿತ್ತು, ಲೋಲಾಕ್ಷಿ ಎಲ್ಲರ ಕೈಗೆ ಅವಲಕ್ಕಿ ಹಾಕುತ್ತಿದ್ದಳು. ಸುಂದರಿ ಅಕ್ಕನ ಸೊಸೆ ಪ್ರೇಕ್ಷಾ ಫೋನ್ ಎತ್ತಿ, “ಆಫೀಸಿನಲ್ಲಿ ಒಬ್ಬರು ಕೊಟ್ರು, ಕನ್ನಡದ್ದು, ಸುನೋ ತೋ, ಕೇಳಿ” ಅಂತ ಗುಂಡಿ ಒತ್ತಿದಳು.

ಮೊದಲು ಗುರುಗುರು. ಆಮೇಲೆ ಸ್ವರ. ಆಸ್ಪತ್ರೆ, ಗಂಡ, ಕೆಂಪು ಚುಕ್ಕೆಯ ಲೋಟೆ. ಲೋಲಾಕ್ಷಿಯ ಕೈ ಅವಲಕ್ಕಿ ಪಾತ್ರೆಯಲ್ಲೇ ನಿಂತಿತು. ಇನ್ನೂ ಯಾರಿಗೋ ಅನುಮಾನ ಇದ್ದಿರಬಹುದು; ಅಷ್ಟರಲ್ಲಿ ಫೋನಿನೊಳಗೆ ಬಾಗಿಲು ಬಡಿದ ಸದ್ದು, ಮತ್ತೆ ಅದೇ ಸ್ವರ.

“ಯಾರು? ಸುಂದರಿ ಅಕ್ಕನಾ? ನಾಲ್ಕು ಲೋಟೆ ಅಲ್ವಾ? ಚೀಲದಲ್ಲಿ ಮುಚ್ಚಿ ಕೊಡ್ತೇನೆ, ಸೊಸೆಗೆ ಕಾಣ್ಲಿಕ್ಕಿಲ್ಲ!”

ಈ ಸುಂದರಿ ಅಕ್ಕ ಅಂದರೆ ಭಜನಾ ಮಂಡಳಿಯ ದೋಸೆ ಮಹಾರಾಣಿ. ‘ಪೇಟೆ ಹಿಟ್ಟು ನಮ್ಮ ಮನೆ ಹೊಸ್ತಿಲು ದಾಟುವುದಿಲ್ಲ, ಕಲ್ಲಿನಲ್ಲೇ ರುಬ್ಬುತ್ತೇನೆ’ ಅಂತ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವರು; ಸೊಸೆ ಬಂದ ಮೇಲೆ, ‘ಅವಳು ಆಫೀಸಿಗೆ ಹೋದ ಮೇಲೆ ರುಬ್ಬುತ್ತೇನೆ’ ಅಂತ. ಎಲ್ಲರೂ ಮೊದಲು ತಿರುಗಿ ನೋಡಿದ್ದು ಅವರನ್ನು, ಆಮೇಲೆ ಲೋಲಾಕ್ಷಿಯನ್ನು. ಸುಂದರಿ ಅಕ್ಕ ಸೆರಗು ಕೊಡವಿ ಎದ್ದು ಹೋದರು. ಲೋಲಾಕ್ಷಿ ಪಾತ್ರೆ ಕೆಳಗಿಟ್ಟು ಮನೆಗೆ ಬಂದಳು.

ಮರುದಿನ ಭಾನುವಾರ. ಉಳಿದ ದಿನಕ್ಕಿಂತ ಎರಡು ಪಟ್ಟು ಹಿಟ್ಟು ಹೋಗುವ ದಿನ. ಎರಡು ದೊಡ್ಡ ಪಾತ್ರೆಯಲ್ಲಿ ಹಿಟ್ಟು ಉಬ್ಬಿ ಮುಚ್ಚಳ ಎತ್ತಿತ್ತು. ಏಳಾಯಿತು, ಎಂಟಾಯಿತು, ಒಂದು ಡಬ್ಬವೂ ಬರಲಿಲ್ಲ. ಇನ್ನೊಂದು ಊರು, ಇನ್ನೊಂದು ಚಾಳು, ಮತ್ತೆ ಮೊದಲಿಂದ ಅಂತ ಲೋಲಾಕ್ಷಿ ಲೆಕ್ಕ ಹಾಕುತ್ತಿದ್ದಾಗ ಹೊರಗೆ ಚಪ್ಪಲಿಯ ಸದ್ದು.

ಸುಂದರಿ ಅಕ್ಕ! ಕೈಯಲ್ಲಿ ಚೀಲವಿಲ್ಲ, ಸೊಂಟದ ಮೇಲೆ ದೊಡ್ಡ ಅಲ್ಯೂಮಿನಿಯಂ ತಪ್ಪಲೆ. ಹಿಂದೆ ಪ್ರೇಕ್ಷಾ.

“ನಿನ್ನ ಗುಟ್ಟು ನೀನು ಹೇಳಿಕೊ ಮಾರಾಯ್ತಿ, ನನ್ನದು ಎಂತಕ್ಕೆ ಹೇಳಿದ್ದು?”

“ತಪ್ಪಾಯ್ತು ಅಕ್ಕ. ಫೋನ್ ಬಂದ್ ಮಾಡ್ಲಿಕ್ಕೆ ಮರೆತೆ.”

“ಇಪ್ಪತ್ತು ವರ್ಷದ ಹೆಸರು! ಒಂದೇ ಸಂಜೆಯಲ್ಲಿ ತೊಳೆದು ಹಾಕಿದೆ.”

“ಮುಝೆ ತೋ ಪತಾ ಥಾ ಅತ್ತೆ, ಮೊದಲೇ ಗೊತ್ತಿತ್ತು,” ಅಂದಳು ಪ್ರೇಕ್ಷಾ, “ರುಬ್ಬುವ ಕಲ್ಲಿನ ಗುಂಡಿಯಲ್ಲಿ ಜೇಡ ಬಲೆ ಕಟ್ಟಿದೆ.”

“ನೀನು ಬಾಯಿ ಮುಚ್ಚು.”

ಲೋಲಾಕ್ಷಿಗೆ ನಗು ಬಂತು, ತಡೆದುಕೊಂಡಳು. ಗೂಡಿನಿಂದ ಹೊಸ ಪ್ಲಾಸ್ಟಿಕ್ ಮಗ್ಗು ತೆಗೆದಳು.

“ಅದೆಂತಕ್ಕೆ? ನಿನ್ನ ಲೋಟೆ ಎಲ್ಲಿ?”

“ಅಕ್ಕ, ಆ ಲೋಟೆಯ ಕಥೆ...”

“ಕೇಳಿದ್ದೇನೆ. ಮನೆಗೆ ಹೋಗಿ ಇವಳ ಹತ್ತಿರ ಎರಡು ಸಲ ಹಾಕಿಸಿದೆ. ಮೊದಲ ಸಲ ನನಗೆ ಬರೀ ಸಿಟ್ಟು. ಎರಡನೇ ಸಲ ಆ ನಿನ್ನ ಓರಗಿತ್ತಿ ಎದುರಿಗೆ ಸಿಕ್ಕಿದ್ದರೆ...” ಸುಂದರಿ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. “ಆರು ವರ್ಷ ಆ ಲೋಟೆಯದ್ದೇ ತಿಂದಿದ್ದೇನೆ. ನನಗೆ ಬಂದದ್ದು ಶುಗರು, ಅದೂ ಹೋಳಿಗೆ ತಿಂದು. ಅದೇ ಲೋಟೆಯಲ್ಲಿ ಅಳೆ. ಎಂಟು. ಜೋರಾಗಿ ಎಣಿಸು, ಚಾಳಿಗೆಲ್ಲ ಕೇಳಲಿ.”

ಲೋಲಾಕ್ಷಿ ಲೋಟೆ ಮುಳುಗಿಸಿದಳು. “ಲಾಭ...” ಸ್ವರ ಅರ್ಧಕ್ಕೇ ನಿಂತಿತು.

“ಕೇಳಿಸಲಿಲ್ಲ,” ಅಂದರು ಸುಂದರಿ ಅಕ್ಕ.

“ಲಾಭ! ಎರಡು! ಮೂರು!”

ಎಂಟು ಮುಗಿಯುವಷ್ಟರಲ್ಲಿ ಎದುರಿನ ಖೋಲಿಯ ಜಯಶೀಲ ಲುಂಗಿ ಎತ್ತಿ ಕಟ್ಟಿಕೊಂಡು, ಡಬ್ಬ ಹಿಡಿದು ನಿಂತಿದ್ದ. “ನನಗೂ ಎರಡು. ಅಕ್ಕ ಎಲ್ಲ ಖಾಲಿ ಮಾಡ್ತಾರೇನೋ ಅಂತ ಹೆದರಿ ಓಡಿ ಬಂದೆ” ಅಂದ. ಮಧ್ಯಾಹ್ನದೊಳಗೆ ಒಂದು ಪಾತ್ರೆ ಖಾಲಿ. ಮೂರು ಮನೆಯವರು ಆಮೇಲೆ ಯಾವತ್ತೂ ಬರಲಿಲ್ಲ. ಉಳಿದ ಹಿಟ್ಟಿಗೆ ಈರುಳ್ಳಿ ಹಾಕಿ ಲೋಲಾಕ್ಷಿ ಸಂಜೆ ಇಡೀ ಚಾಳಿಗೆ ಪಡ್ಡು ಸುಟ್ಟಳು.

ಮುಂದಿನ ವಾರ ಅವಳು ಜಾಧವ್ ಮೇಡಂ ಮುಂದೆ ಫೋನ್ ಹಿಡಿದು ಕೂತಳು. ಪಕ್ಕದಲ್ಲಿ ಸುಂದರಿ ಅಕ್ಕ, ಕರೆಯದೆಯೇ ಬಂದವರು.

“ನನ್ನ ಹೆಸರು ಲೋಲಾಕ್ಷಿ. ಘಣಸೋಲಿಯಲ್ಲಿ ದೋಸೆ ಹಿಟ್ಟಿನ ವ್ಯಾಪಾರ,” ಅಂತ ಶುರು ಮಾಡಿದಳು.

“ಉದ್ದಿನ ಅಳತೆ ನಾನು ಹೇಳಿಕೊಟ್ಟದ್ದು ಅಂತ ಹೇಳು,” ಸುಂದರಿ ಅಕ್ಕ ಪಿಸುಗುಟ್ಟಿದರು.

ಅದೂ ರೆಕಾರ್ಡ್ ಆಯಿತು. ಲೋಲಾಕ್ಷಿ ಈ ಸಲ ಪೂರ್ತಿ ಕೇಳಿ ನೋಡಿದಳು, ಅಳಿಸಲಿಲ್ಲ.