ಜಪಾನ್ ತೋಟದಾಗ ಚರಗ

ಸುಮ್ಮನ ಕೂಡೂದು ನನ್ನ ಜಾಯಮಾನಕ್ಕ ಬಂದಿಲ್ಲ. ಅಂಥಾಕಿಗೆ ಒಂದು ವರ್ಷ ವಿದ್ಯಾಗಿರಿಯ ಜಪಾನ್ ತೋಟದಾಗ ಕೂಡೂ ಪಾಳಿ ಬಂತು.

ಬ್ಯಾಸಗ್ಯಾಗ ನಮ್ಮ ಮನಿಯವರಿಗೆ ಲಕ್ವಾ ಹೊಡೀತು. ಕೈಕಾಲು ಲಗೂನ ಸುಧಾರಿಸಿದವು, ಹೋದ ಮಾತು ಮಾತ್ರ ತಿರುಗಿ ಬರಲಿಲ್ಲ. "ದಿನಾ ಹೊರಗ ಕರ್ಕೊಂಡು ಹೋಗ್ರಿ, ಮಾತಾಡಸ್ರಿ. ವರ್ಷದೊಳಗ ಬಂದ್ರ ಬಂತು" ಅಂದ್ರು ಡಾಕ್ಟರು. ಬರದಿದ್ರ ಹೆಂಗ ಅಂತ ನಾ ಕೇಳಲಿಲ್ಲ. ಕೇಳೂ ಧೈರ್ಯ ಇರಲಿಲ್ಲ.

ಮನೀ ಹತ್ತಿರದ ಉದ್ಯಾನದ ಒಂದು ಮೂಲ್ಯಾಗ ಜಪಾನಿನವರಂಗ ತೋಟ ಮಾಡಿದ್ರು. ಸಣ್ಣ ಹೊಂಡ, ಮೂರು ಕಲ್ಲು, ಸುತ್ತ ಬಿಳಿ ಮರಳು. ಮಾಲಿ ದಿನಾ ಮುಂಜಾನೆ ಹಲ್ಲಿದ್ದ ಕೋಲು ಎಳೆದು ಮರಳಿನಾಗ ಗೆರಿ ಮೂಡಸ್ತಿದ್ದ. ಯಾರೂ ತುಳೀಬಾರದು, ನೋಡ್ಕೋತ ಕೂಡಬೇಕು, ಅಷ್ಟ. ನನಗ ಮೈಯೆಲ್ಲಾ ಉರೀತಿತ್ತು. ಬಿತ್ತೂದಿಲ್ಲ, ಬೆಳಿಯೂದಿಲ್ಲ, ಇದೆಂಥಾ ತೋಟ ಅಂತ ಗೊಣಗ್ತಿದ್ದೆ. ಇವರು ಮಾತ್ರ ಆ ಗೆರಿ ಮ್ಯಾಲಿನ ಕಣ್ಣು ತಗೀತಿರಲಿಲ್ಲ.

ಮುಂಗಾರಿನಾಗ ಗೆರಿ ಕೊಚ್ಚಿ ಹೋದವು, ಮಾಲಿ ಮತ್ತ ಎಳದ. ದಸರಾ ಹೊತ್ತಿಗೆ ಕಲ್ಲಿನ ಬುಡಕ್ಕ ಪಾಚಿ ಕಟ್ಟಿತು. ನಾ ಕೂಡ್ತಿದ್ದೆ, ಏಳ್ತಿದ್ದೆ, ಅಡ್ಡಾಡಿ ಬಂದು ಮತ್ತ ಕೂಡ್ತಿದ್ದೆ. "ಏನರ ಅನ್ರಿ. ಬೇಕಾದ್ರ ಬೈರಿ" ಅಂತ ಇವರ ಜೀವ ತಿಂತಿದ್ದೆ. ತುಟಿ ಅಲುಗಾಡ್ತಿತ್ತು, ದನಿ ಹೊರಡ್ತಿರಲಿಲ್ಲ. ಒಂದಿನ ಸಿಟ್ಟಿನ ಭರಕ್ಕ "ನಾ ಗ್ವಾಡಿ ಕೂಡ ಸಂಸಾರ ಮಾಡಾಕತ್ತೇನಿ" ಅಂದುಬಿಟ್ಟೆ. ಇವರ ಕಣ್ಣಾಗ ನೀರು ಬಂತು. ಆ ಮಾತಿಗೆ ಇವತ್ತಿಗೂ ನನಗ ನಾಚಿಕಿ ಐತಿ.

ಎಳ್ಳ ಅಮಾಸಿ ಬಂತು. ನಮ್ಮ ಹೊಲ ಹಿನ್ನೀರಿನಾಗ ಮುಳುಗಿ ಎಷ್ಟೋ ವರ್ಷ ಆಗಿತ್ತು. ಹೊಲ ಇದ್ದಾಗ ಆ ದಿನ ನಾವಿಬ್ಬರೂ ಬೆಳೀ ನಡುವ ಚರಗ ಚೆಲ್ಲತಿದ್ವಿ, ಭೂಮ್ತಾಯಿಗೆ ಎಡಿ. ನಾ ಮುಂದ ಅಡಗಿ ಚೆಲ್ಲಿ "ಹುಲ್ಲುಲ್ಲಿಗೋ" ಅಂತ ಕೂಗಬೇಕು, ಇವರು ಹಿಂದ ನೀರು ಚಿಮಕಿಸಿ "ಚಲ್ಲಾಂಬ್ರಿಗೋ" ಅಂತ ಓಗೊಡಬೇಕು.

ಅವತ್ತ ತೋಟದಾಗ ಕುಂತು ಉಣ್ಣೂಣು ಅಂತ ಸಜ್ಜಿ ಕಡಬು ಬುಟ್ಟ್ಯಾಗ ಇಟ್ಕೊಂಡು ಹೋಗಿದ್ದೆ. ಮಾಲಿ ಆಗಷ್ಟ ಗೆರಿ ಎಳೆದಿದ್ದ. ಎಳಿಬಿಸಲಿಗೆ ಅವು ಬಿತ್ತಿದ ಸಾಲಿನಂಗ ಕಂಡವು. ನನಗೇನಾತೋ, ಚಪ್ಪಲಿ ಬಿಟ್ಟು ಮರಳಿಗೆ ಇಳಿದೆ. ಕಡಬು ಮುರಿದು ಚೆಲ್ಲಿ, "ಹುಲ್ಲುಲ್ಲಿಗೋ" ಅಂತ ಕೂಗಿದೆ.

ಮಾಲಿ ಓಡಿ ಬಂದ. "ಅಕ್ಕಾರ, ಇದೇನ ಹೊಲಾ ಅಂದ್ಕೊಂಡೀರೇನು? ಬರ್ರಿ ಈಚೆ" ಅಂದ.

ಅವನಿಗೆ ಉತ್ತರ ಕೊಡೂದರೊಳಗ ನನ್ನ ಬೆನ್ನ ಹಿಂದ ದನಿ ಬಂತು. ಒಡಕು ದನಿ, ಆದ್ರ ಇವರದ.

"ಚಲ್ಲಾಂಬ್ರಿಗೋ."

ತಿರುಗಿ ನೋಡಾಕ ಅಂಜಿಕಿ ಆತು, ನೋಡಿದ್ರ ನಿಂತುಬಿಡತೈತೋ ಏನೋ ಅಂತ. ಇನ್ನೊಂದು ತುಂಡು ಚೆಲ್ಲಿ ಕೂಗಿದೆ. ಮತ್ತ ಓಗೊಟ್ರು. ಮಾಲಿ ಕೋಲು ಬದಿಗಿಟ್ಟ. ಮೂರು ಕಲ್ಲಿನ ಸುತ್ತ ಬರೂದರೊಳಗ ಕಡಬು ತೀರಿದವು. ನಾ ಬರೀ ಕೈ ಬೀಸಕೋತ ಕೂಗ್ತಾ ಹೋದೆ.