ಶನಿವಾರದ ಫ್ಯೂಸ್

ನಮ್ಮ ಕಾರಿನ ಫ್ಯೂಸ್ ತಿರುವನಂತಪುರಕ್ಕೆ ಹೋಗುವಾಗ ಮಾತ್ರ ಸುಡುತ್ತಿತ್ತು. ಅಲ್ಲಿಂದ ಕೊಚ್ಚಿಗೆ ವಾಪಸು ಬರುವಾಗ ಒಂದು ಸಲವೂ ಇಲ್ಲ. ಇದನ್ನು ಯಾರಿಗೆ ಹೇಳಿದರೂ ಕಾರನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಿದ್ದರು.

ನಾನಾಗ ಮಟ್ಟಾಂಚೇರಿಯ ಒಂದು ಬ್ಯಾಂಕ್ ಶಾಖೆಯಲ್ಲಿದ್ದೆ. ಗಂಡ ತಿರುವನಂತಪುರದಲ್ಲಿ ರಾಕೆಟ್ಟಿಗೆ ಸಂಬಂಧಪಟ್ಟ ಕೆಲಸದಲ್ಲಿ. ಒಂಬತ್ತು ವರ್ಷದ ಮಗಳು ಅವರ ಜೊತೆ ಕಳಕ್ಕೂಟಂನ ಫ್ಲ್ಯಾಟ್‌ನಲ್ಲಿ. ರಜೆಯಿದ್ದ ಶನಿವಾರಗಳಲ್ಲಿ ನಾನು ಬೆಳಗಿನ ನಾಲ್ಕಕ್ಕೆ ಹೊರಟು, ಒಂಬತ್ತರೊಳಗೆ ಮನೆ ಮುಟ್ಟಿ, ಅವಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗಬೇಕು. ಎರಡು ವಾರಕ್ಕೊಮ್ಮೆಯ ಆ ಒಂದು ಗಂಟೆಯನ್ನು ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಕೊಚ್ಚಿಯ ಅಂಚಿನ ಅರೂರು ದಾಟುವಷ್ಟರಲ್ಲಿ ಮೀಟರಿನ ಬೆಳಕು ಆರಿಹೋಗುತ್ತಿತ್ತು. ಹಿಂದಿನ ಕೆಂಪು ದೀಪಗಳಿಗೂ ಅದೇ ಫ್ಯೂಸ್. ಹಾಗಾಗಿ ಎದುರಿನ ರಸ್ತೆ ನನಗೆ ಕಂಡರೂ ಹಿಂದಿನ ಲಾರಿಗೆ ನಾನು ಕಾಣುವುದಿಲ್ಲ. ಹೊಸ ಫ್ಯೂಸ್ ಹಾಕಿದರೆ ಅದೂ ಟಪ್ಪೆಂದು ಹೋಗುತ್ತಿತ್ತು. ಚಹಾದಂಗಡಿಯ ಬೆಂಚಿನಲ್ಲಿ ಬೆಳಕು ಹರಿಯುವ ತನಕ ಕೂತು, ಹತ್ತೂವರೆಗೆ ಮನೆ ಸೇರುವಾಗ ಕ್ಲಾಸು ಮುಗಿದಿರುತ್ತಿತ್ತು.

ಮೊದಲ ಸಲ ಮಗಳು ಅತ್ತಳು. ಎರಡನೇ ಸಲ ಮುಖ ಊದಿಸಿಕೊಂಡಳು. ಮೂರನೇ ಸಲ ಟಿವಿಯಿಂದ ಕಣ್ಣು ತೆಗೆಯದೆ "ಸಾರಮಿಲ್ಲ ಅಮ್ಮಾ" ಎಂದಳು, ಪರವಾಗಿಲ್ಲ ಎಂದು. ಅವಳಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂ. ಅವಳು ಅತ್ತಾಗ ಆದದ್ದಕ್ಕಿಂತ ಹೆಚ್ಚಿನ ಸಂಕಟ ನನಗೆ ಆ 'ಸಾರಮಿಲ್ಲ'ದಿಂದ ಆಯಿತು.

ಮಟ್ಟಾಂಚೇರಿಯ ಎಲೆಕ್ಟ್ರಿಷಿಯನ್ ಬಲ್ಬುಗಳನ್ನೆಲ್ಲ ಬದಲಾಯಿಸಿದ. ಆ ಶನಿವಾರವೂ ಫ್ಯೂಸ್ ಹೋಯಿತು. ಹತ್ತು ಆಂಪಿಯರ್‌ನ ಕೆಂಪು ಫ್ಯೂಸ್ ಬದಲು ಇಪ್ಪತ್ತರದ್ದು ಹಾಕಿದರೆ ತೊಂದರೆಯೇ ಇರುವುದಿಲ್ಲ ಎಂದು ಸಲಹೆ ಕೊಟ್ಟ. ಅದನ್ನು ಫೋನಿನಲ್ಲಿ ಹೇಳಿದ್ದಕ್ಕೆ ಗಂಡ ಕೆಂಡವಾದರು. "ಫ್ಯೂಸ್ ಉಳಿಯತ್ತೆ, ವೈರ್ ಸುಡತ್ತೆ. ಅವನಿಗೆ ಇನ್ನೊಂದ್ಸಲ ಕಾರು ಮುಟ್ಟಕ್ಕೆ ಬಿಡ್ಬೇಡ ನೀನು."

ಅವರು ಒಂದು ಪಟ್ಟಿ ಮಾಡಿದರು. ದಿನಾಂಕ, ಮಳೆ ಇತ್ತೋ ಇಲ್ಲವೋ, ಎಷ್ಟು ಕಿಲೋಮೀಟರಿಗೆ ಹೋಯಿತು, ಎಸಿ ಹಾಕಿತ್ತೋ. ಮಳೆಯಿದ್ದಾಗಲೂ ಹೋಗಿತ್ತು, ಇಲ್ಲದಾಗಲೂ ಹೋಗಿತ್ತು. ಅವರ ಕೈಗೆ ಕಾರು ಬಂದ ಕೂಡಲೇ ಹೊಸ ಫ್ಯೂಸ್ ಗಟ್ಟಿಯಾಗಿ ನಿಲ್ಲುತ್ತಿತ್ತು. ಊರಿಡೀ ಸುತ್ತಿ ಬಂದು, "ಏನೂ ಇಲ್ವಲ್ಲೇ ಇದ್ರಲ್ಲಿ" ಎನ್ನುತ್ತಿದ್ದರು. ರಾಕೆಟ್ಟಿನ ತಂತಿ ನೋಡುವ ಮನುಷ್ಯನಿಗೂ ತಿಳಿಯದಿದ್ದರೆ ತಪ್ಪು ನನ್ನಲ್ಲೇ ಇದೆಯೇನೋ ಎಂದು ನಿಜಕ್ಕೂ ಅನುಮಾನ ಬಂತು. ಸ್ವಿಚ್ಚನ್ನು ಬೇರೆ ಬೇರೆ ರೀತಿಯಲ್ಲಿ ಒತ್ತಿ ನೋಡಿದೆ. ಒಂದು ಶನಿವಾರ ಬೇರೆ ದಾರಿ ಹಿಡಿದೆ. ತಲೆ ಕೆಟ್ಟು ಮೊಸರಾಯಿತೇ ಹೊರತು ಉಪಯೋಗವಾಗಲಿಲ್ಲ.

"ಮಾರಿಬಿಡೋಣ. ನೀನು ಟ್ರೈನಲ್ಲಿ ಬಾ, ತಿಂಗಳಿಗೊಂದ್ಸಲ ಆದ್ರೂ ಸರಿ" ಎಂದರು ಗಂಡ. ಅವರು ಹೇಳಿದ್ದು ನನ್ನ ಸುರಕ್ಷತೆಗಾಗಿಯೇ. ನನಗೆ ಕೇಳಿಸಿದ್ದು ಮಾತ್ರ ತಿಂಗಳಿಗೊಂದು ಸಲ ಎನ್ನುವುದು. ರೇಗಿದೆ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮೂವರೂ ಕಳಕ್ಕೂಟಂನ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆವು. ಅಲ್ಲಿನ ವಯಸ್ಸಾದ ಎಲೆಕ್ಟ್ರಿಷಿಯನ್ ಹೆಚ್ಚು ಮಾತಾಡಲಿಲ್ಲ. ಹಿಂದಿನ ಬಲ್ಬುಗಳನ್ನೆಲ್ಲ ಬಿಚ್ಚಿ, ಫ್ಯೂಸಿನ ಜಾಗಕ್ಕೆ ಎರಡು ತಂತಿ ಸಿಕ್ಕಿಸಿ ಒಂದು ದೊಡ್ಡ ಬಲ್ಬನ್ನು ನೇತುಹಾಕಿದರು. ಎಲ್ಲಿಯಾದರೂ ಶಾರ್ಟ್ ಆದರೆ ಇದು ಉರಿಯುತ್ತದೆ, ಫ್ಯೂಸ್ ಸುಡುವುದಿಲ್ಲ ಎಂದರು. ಆಮೇಲೆ ಸೀಟು ಅಲ್ಲಾಡಿಸಿದರು, ಬ್ರೇಕ್ ತುಳಿದರು, ಡಿಕ್ಕಿ ತೆಗೆದು ಮುಚ್ಚಿದರು. ಬಲ್ಬು ಉರಿಯಲಿಲ್ಲ. ಗಂಡ ತಮ್ಮ ಪಟ್ಟಿಯನ್ನು ತೋರಿಸಿದರು. ಎಲೆಕ್ಟ್ರಿಷಿಯನ್ ಅದನ್ನು ಮರ್ಯಾದೆಯಿಂದ ನೋಡಿ ಹಿಂದಕ್ಕೆ ಕೊಟ್ಟರು.

ಆಗ ಮಗಳು, ಅಮ್ಮ ಡಿಕ್ಕಿ ಮುಚ್ಚುವುದು ಹೀಗಲ್ಲ ಎಂದು ಅವರಿಗೆ ಮಲಯಾಳದಲ್ಲಿ ಹೇಳಿದಳು.

ಅವಳು ಹೇಳಿದ್ದು ಸರಿ. ನಮ್ಮ ಮನೆಯವರು ಡಿಕ್ಕಿಯನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತುತ್ತಾರೆ. ನಾನು ಬಡಿಯುವವಳು. ಶನಿವಾರ ನಾಲ್ಕಕ್ಕೆ ಬ್ಯಾಗು ತುಂಬಿ ಬಡಿದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ತಿರುವನಂತಪುರದಲ್ಲಿ ಸಾಮಾನು ಇಳಿಸಿ ಡಿಕ್ಕಿ ಮುಚ್ಚುವುದು ಅವರು. ಭಾನುವಾರ ವಾಪಸು ಹೊರಡುವಾಗ ನನ್ನ ಬ್ಯಾಗನ್ನು ಮಗಳೇ ಹಿಂದಿನ ಸೀಟಿನಲ್ಲಿಡುತ್ತಾಳೆ.

ಎಲೆಕ್ಟ್ರಿಷಿಯನ್ ನನಗೆ "ಚೇಚಿ ಮುಚ್ಚಿ" ಎಂದು ಸನ್ನೆ ಮಾಡಿದರು, ಅಕ್ಕ ಮುಚ್ಚಲಿ ಎಂದು. ಬಡಿದೆ. ಏನೂ ಇಲ್ಲ. ಇನ್ನೊಮ್ಮೆ ಬಡಿದೆ. ಬಲ್ಬು ಝಗ್ಗನೆ ಉರಿಯಿತು.

ಅವರು ನೇರವಾಗಿ ಡಿಕ್ಕಿಯ ಮೇಲಿನ ನಂಬರ್ ಪ್ಲೇಟಿಗೆ ಕೈ ಹಾಕಿದಾಗಲೇ ನನಗೆ ನೆನಪಾಯಿತು. ಸ್ಕ್ರೂ ಬಿಚ್ಚಿದರು. ಕೆಎಲ್ ಪ್ಲೇಟಿನ ಹಿಂದೆ ನಮ್ಮ ಹಳೆಯ ಕೆಎ ಪ್ಲೇಟು. ಎರಡು ಪ್ಲೇಟು ಹಿಡಿಯಲೆಂದು ಹಾಕಿದ್ದ ಉದ್ದನೆಯ ಸ್ಕ್ರೂ ಒಳಗೆ ಚಾಚಿ, ಪ್ಲೇಟಿನ ದೀಪದ ತಂತಿಯನ್ನು ತಿಂದುಹಾಕಿತ್ತು. ನಾನು ಬಡಿದರೆ ಸವೆದ ತಂತಿ ಸ್ಕ್ರೂವಿನ ಹತ್ತಿರಕ್ಕೆ ಜಾರಿ ದಾರಿಯ ಕುಲುಕಿಗೆ ತಾಗುತ್ತಿತ್ತು, ಗಂಡ ತೆಗೆದು ಮೆಲ್ಲಗೆ ಮುಚ್ಚಿದರೆ ಮತ್ತೆ ದೂರ ಸರಿಯುತ್ತಿತ್ತು.

"ಇದಾರಾ ವೆಚ್ಚದ್?" ಯಾರು ಇಟ್ಟಿದ್ದು ಇದನ್ನು ಎಂದು ಅವರು ಕೇಳಿದರು.

"ನಾನೇ" ಎಂದೆ.

ಮೈಸೂರಿನಿಂದ ಇಲ್ಲಿಗೆ ವರ್ಗವಾಗಿ ಬಂದು ಕಾರಿನ ನಂಬರು ಬದಲಾದ ದಿನ ಗಂಡ ಕಾಗದಪತ್ರಕ್ಕೆಂದು ಒಳಗೆ ಹೋಗಿದ್ದರು. ಹಳೆಯದನ್ನು ತೆಗೆಯಬೇಡ, ಅದರ ಮೇಲೆಯೇ ಹೊಸದನ್ನು ಕೂರಿಸು ಎಂದು ಪ್ಲೇಟಿನವನಿಗೆ ಹೇಳಿದ್ದೆ. ಗಂಡನಿಗೆ ಗುಜರಿಗೆ ಹೋಯಿತು ಎಂದಿದ್ದೆ. ಹಿಂದೆ ಅದು ಇರುವವರೆಗೆ ನಾವು ಮೈಸೂರಿಗೆ ವಾಪಸು ಹೋಗುವವರೇ ಎಂದು ನನಗೆ ಧೈರ್ಯ. ಆಮೇಲೆ ಮರೆತೇಬಿಟ್ಟಿದ್ದೆ. ಅಷ್ಟು ಶನಿವಾರಗಳನ್ನು ನಾನೇ ತಿಂದುಹಾಕಿದ್ದೆ ಎಂದು ತಿಳಿದಾಗ ನಾಚಿಕೆಯಿಂದ ಮಗಳ ಕಡೆ ನೋಡಲಾಗಲಿಲ್ಲ.

ಗಂಡ ಹಳೆಯ ಪ್ಲೇಟನ್ನು ಒರೆಸಿ ಸ್ಟೆಪ್ನಿಯ ಕೆಳಗೆ ಸೇರಿಸಿದರು. "ಇರ್ಲಿ ಬಿಡೇ. ಸ್ಕ್ರೂ ಮಾತ್ರ ಬೇಡ."

ಮುಂದಿನ ರಜೆಯ ಶನಿವಾರ ಮೀಟರಿನ ಬೆಳಕು ಅರೂರು ದಾಟಿತು, ಆಲಪ್ಪುಳ ದಾಟಿತು. ಎಂಟೂ ಮುಕ್ಕಾಲಿಗೆ ಮನೆ ಮುಟ್ಟಿದೆ. ಬೀಗ ಹಾಕಿತ್ತು. ನನಗಾಗಿ ಕಾಯುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು.

ಈಜುಕೊಳಕ್ಕೆ ಹೋದೆ. ಮಗಳು ನೀರಿನಿಂದ ತಲೆಯೆತ್ತಿ, ನನ್ನನ್ನು ಕಂಡು, ಅಂಚಿನವರೆಗೆ ಬಂದಳು.

"ಅಮ್ಮಾ, ಇನ್ನ್ ಫ್ಯೂಸ್ ಪೋಯಿಲ್ಲೇ?"

ಇವತ್ತು ಹೋಗಲಿಲ್ಲ ಪುಟ್ಟಿ ಎಂದೆ. ಅವಳು ದಂಡೆಯಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ, ಈಜು ಮುಗಿದ ಮೇಲೆ ತನ್ನನ್ನು ಒರೆಸಲೆಂದು ಅವರು ಹಿಡಿದಿದ್ದ ಟವೆಲ್ಲನ್ನು ನನಗೆ ಕೊಡುವಂತೆ ಹೇಳಿದಳು.